ಒಂದೇ ತೊಟ್ಟಿಯ ಗೊದಮೊಟ್ಟೆಗಳು

"ಗುರುಗಳೇ, ಉಳಿದವನು ನಾನೊಬ್ಬನೇ. ಇನ್ನು ಚೀಲವನ್ನು ನನಗೆ ಯಾವಾಗ ಕೊಡುತ್ತೀರಿ?" ಎಂದು ಮುರಿಗೆಪ್ಪ ಕೇಳಿದ.

ಗುರುಗಳು ಮುರಿದ ಮೂಳೆ ಕಟ್ಟುವವರು. ದನಕ್ಕೂ ಕಟ್ಟುತ್ತಿದ್ದರು, ಜನಕ್ಕೂ ಕಟ್ಟುತ್ತಿದ್ದರು. ದನವೇ ವಾಸಿ, ಕಟ್ಟುವಾಗ ಬುದ್ಧಿ ಹೇಳುವುದಿಲ್ಲ ಎನ್ನುತ್ತಿದ್ದರು. ಬಿದಿರಿನ ಸೀಳು, ಬಟ್ಟೆಯ ಪಟ್ಟಿ, ಎಣ್ಣೆಯ ಕುಡಿಕೆ ಇದ್ದ ಅವರ ಚೀಲ ಯಾರ ಹೆಗಲಿಗೆ ಏರುತ್ತದೋ ಅವನೇ ಮುಂದಿನ ಗುರು. ಅವರು ಏಳು ಹಳ್ಳಿಗಳಿಂದ ಏಳು ಹುಡುಗರನ್ನು ಆರಿಸಿ ತಂದಿದ್ದರು. ಕಲಿತ ಮೇಲೆ ಊರಿಗೊಬ್ಬನಂತೆ ಹಿಂದಿರುಗಬೇಕು, ಯಾವ ಊರಿನಲ್ಲೂ ಮುರಿದ ಕಾಲು ಮುರಿದೇ ಉಳಿಯಬಾರದು ಎಂಬುದು ಅವರ ಆಸೆ.

ಐದು ವರ್ಷದಲ್ಲಿ ಆರು ಜನ ಹೊರಟುಹೋದರು. ಒಬ್ಬನಿಗೆ ತಾಯಿ ಹಾಸಿಗೆ ಹಿಡಿದಿದ್ದಾಳೆ ಎಂಬ ಸುದ್ದಿ ಬಂತು. ಓಡಿ ಹೋಗಿ ನೋಡಿದರೆ ತಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಅವನು ಮರಳುವಷ್ಟರಲ್ಲಿ, ಹೇಳದೆ ಕೇಳದೆ ಓಡಿಹೋದನಂತೆ ಎಂಬ ಮಾತು ಗುರುಗಳ ಕಿವಿಗೆ ಬಿದ್ದಿತ್ತು. ಇನ್ನೊಬ್ಬನ ಹಾಸಿಗೆಯ ಸುರುಳಿಯಲ್ಲಿ ಗುರುಗಳ ಎಣ್ಣೆಯ ಕುಡಿಕೆ ಸಿಕ್ಕಿತು. ಹೀಗೆ ಒಬ್ಬೊಬ್ಬರದು ಒಂದೊಂದು. ಕಡೆಗೆ ಮುರಿಗೆಪ್ಪನ ಜೊತೆ ಬೀರಪ್ಪ ಒಬ್ಬ ಉಳಿದಿದ್ದ. ಅವನ ಕೈ ಎಲ್ಲರಿಗಿಂತ ಹದವಾದ ಕೈ. ಅವನು ಕಟ್ಟಿದ ಎತ್ತಿನ ಕಾಲು ಸೊಟ್ಟಗೆ ಕೂಡಿತು. ಎತ್ತಿನ ರೈತ ಬಂದು ಬೈದ. ಗುರುಗಳೂ ಬೈದರು. ಬೀರಪ್ಪ ತನ್ನ ತಟ್ಟೆ ತೊಳೆದಿಟ್ಟು ಹೋದ.

ಈ ದಿನ ಬೆಳಿಗ್ಗೆ ಅದೇ ರೈತ ಮತ್ತೆ ಬಂದಿದ್ದ. ಎತ್ತಿನ ಕಾಲಿನಿಂದ ಕುಡುಗೋಲಿನಲ್ಲಿ ಕೊಯ್ದು ತೆಗೆದ ಪಟ್ಟಿಯನ್ನು ಗುರುಗಳ ಮುಂದೆ ಎಸೆದ. "ಎತ್ತು ಇನ್ನು ನೊಗಕ್ಕೆ ಬಾರದು. ನಿಮ್ಮ ಬಟ್ಟೆ ನೀವೇ ಇಟ್ಟುಕೊಳ್ಳಿ" ಎಂದು ಹೊರಟುಹೋದ. ಪಟ್ಟಿಯ ಗಂಟು ಬಿಚ್ಚದೆ ಹಾಗೆಯೇ ಇತ್ತು. ಮೂಳೆ ಕಟ್ಟುವವರಲ್ಲಿ ಒಬ್ಬೊಬ್ಬನ ಗಂಟು ಒಂದೊಂದು ಬಗೆ. ಕತ್ತಲಲ್ಲಿ ಮುಟ್ಟಿದರೂ ಯಾರದೆಂದು ಗುರುಗಳು ಹೇಳಬಲ್ಲರು. ಬೀರಪ್ಪನದು ಬಲಕ್ಕೆ ಸುತ್ತುವ ಗಂಟು. ಈ ಗಂಟು ಎಡಕ್ಕೆ ಸುತ್ತಿತ್ತು. ಬೀರಪ್ಪ ಕಟ್ಟಿದ ಮೇಲೆ ಯಾರೋ ಬಿಚ್ಚಿ, ಸಡಿಲಿಸಿ, ಮತ್ತೆ ಕಟ್ಟಿದ್ದರು. ಏಳು ಜನರಲ್ಲಿ ಎಡಗೈಯವನು ಒಬ್ಬನೇ.

ಅವನೇ ಈಗ ಎದುರು ಕೂತು ಚೀಲ ಕೇಳುತ್ತಿದ್ದ. ಪಟ್ಟಿ ಗುರುಗಳ ತೊಡೆಯ ಕೆಳಗೆ ಇತ್ತು. ಅವನಿಗೆ ಅದು ಗೊತ್ತಿರಲಿಲ್ಲ.

"ಆರು ಜನ ಯಾಕೆ ಹೋದರು ಮುರಿಗೆಪ್ಪಾ?" ಎಂದು ಗುರುಗಳು ಕೇಳಿದರು.

"ಅವರಿಗೆ ಗಟ್ಟಿತನ ಇರಲಿಲ್ಲ ಗುರುಗಳೇ. ನಾನು ತಾಳಿಕೊಂಡೆ."

"ಸರಿ ಹಾಗಾದರೆ. ಚೀಲಕ್ಕೆ ಮೊದಲು ಒಂದು ಕಪ್ಪೆಯ ಕತೆ ಕೇಳು. ಇದನ್ನು ನನಗೆ ಹೇಳಿದವನು ಒಬ್ಬ ಹಡಗಿನವನು."

"ಹೋದ ವರ್ಷ ಕ್ಷೌರಿಕ ಹೇಳಿದ್ದು ಎಂದಿರಿ."

"ಹಡಗಿನವನು ಕ್ಷೌರಿಕನಿಗೆ ಹೇಳಿದ. ಇಬ್ಬರೂ ಸುಳ್ಳುಗಾರರು. ಆದರೆ ಕಪ್ಪೆಯ ವಿಷಯದಲ್ಲಿ ಸುಳ್ಳು ಹೇಳಿ ಅವರಿಗೆ ಆಗಬೇಕಾದದ್ದೇನು? ಕೇಳು" ಎಂದು ಗುರುಗಳು ಶುರುಮಾಡಿದರು.

ಸಮುದ್ರದ ಆಚೆ ಒಂದು ದೇಶ. ಅಲ್ಲಿಯ ಕಾಡಿನಲ್ಲಿ ಒಂದು ಜಾತಿಯ ಕಪ್ಪೆ. ಹೆಬ್ಬೆಟ್ಟಿನಷ್ಟು ಮೈ, ಅರಿಸಿನದ ಬಣ್ಣ, ಅದರ ಮೇಲೆ ನೀಲಿಯ ಪಟ್ಟೆ. ಹಗಲಿನಲ್ಲೇ ತಿರುಗಾಡುತ್ತದೆ, ಯಾರಿಗೂ ಹೆದರಿ ಅಡಗುವುದಿಲ್ಲ. ಅದರ ಚರ್ಮವೆಲ್ಲ ವಿಷ. ಒಮ್ಮೆ ಬಾಯಿ ಹಾಕಿದ ಹಾವು ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ.

ಒಂದು ಬೇಸಿಗೆ ಆ ಕಾಡಿಗೆ ಬೆಂಕಿ ಬಿತ್ತು. ಕಾಡಿನ ಒಬ್ಬ ಮುದುಕಿ ಉಳಿದ ಒಂದೇ ಒಂದು ಜೋಡಿಯನ್ನು ಎಲೆಯಲ್ಲಿ ಸುತ್ತಿಕೊಂಡು, ಕೈಗೆ ತಾಗಿಸದೆ, ಪೇಟೆಗೆ ತಂದಳು. ಪೇಟೆಯಲ್ಲಿ ಒಬ್ಬ ಗಾಜಿನ ವ್ಯಾಪಾರಿ ಇದ್ದ. ಅವನಿಗೆ ಜೀವಜಂತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಹುಚ್ಚು. ಮುದುಕಿ ಅವನಿಗೆ ಹೇಳಿದಳು: "ಕಾಡು ಮತ್ತೆ ಚಿಗುರಿದ ಮೇಲೆ ಬರುತ್ತೇನೆ. ಅಷ್ಟರಲ್ಲಿ ಇವು ಹತ್ತಾಗಲಿ, ಇಪ್ಪತ್ತಾಗಲಿ. ಕಾಡಿಗೆ ಬಿಡಬೇಕು. ಇವು ಹೋದರೆ ಇವುಗಳ ಕುಲವೇ ಹೋಯಿತು. ಹೇಗೆ ಸಾಕುವುದು ಎಂದು ನನ್ನನ್ನು ಕೇಳಬೇಡ. ಗಂಡು ಕಪ್ಪೆಯನ್ನು ನೋಡು. ಅದು ಮಾಡಿದ ಹಾಗೆ ಮಾಡು."

ವ್ಯಾಪಾರಿ ಕೆಟ್ಟವನಲ್ಲ. ಪೆಟ್ಟಿಗೆಯಲ್ಲಿ ಪಾಚಿ ಹಾಸಿದ. ದಿನಕ್ಕೆ ಮೂರು ಸಲ ಮಳೆನೀರನ್ನು ಹನಿಹನಿಯಾಗಿ ಚಿಮುಕಿಸಿದ. ಬಿಸಿಲು ತಾಗದಂತೆ ನೋಡಿಕೊಂಡ. ಕಾಡಿನಲ್ಲಿ ಅವು ತಿನ್ನುತ್ತಿದ್ದದ್ದು ಇರುವೆ. ಇರುವೆ ಕಚ್ಚುತ್ತದೆ, ಪೆಟ್ಟಿಗೆ ಬಿಟ್ಟು ಹಾಸಿಗೆಗೂ ಬರುತ್ತದೆ. ಅವನು ಬಾಳೆಹಣ್ಣು ಕೊಳೆಹಾಕಿ ಸಣ್ಣ ನೊಣ ಬೆಳೆಸಿ ಅದನ್ನೇ ಕೊಟ್ಟ. ಕಪ್ಪೆಗಳು ತಿಂದವು, ಕೂಗಿದವು, ಎಲೆಯ ಮೇಲೆ ಐದಾರು ಮೊಟ್ಟೆ ಇಟ್ಟವು. ಗಂಡು ಮೊಟ್ಟೆಯ ಹತ್ತಿರವೇ ಕೂತು ಕಾಯಿತು. ಮೊಟ್ಟೆ ಒಣಗಿದರೆ ನೀರಿಗೆ ಹೋಗಿ ಮೈ ನೆನೆಸಿಕೊಂಡು ಬಂದು ಅದರ ಮೇಲೆ ಕೂರುತ್ತಿತ್ತು.

ಗೊದಮೊಟ್ಟೆಗಳು ಹೊರಬಂದವು. ಗಂಡು ಕಪ್ಪೆ ಬೆನ್ನು ಬಗ್ಗಿಸಿತು. ಒಂದು ಗೊದಮೊಟ್ಟೆ ಬೆನ್ನ ಮೇಲೆ ಹತ್ತಿತು. ಅದನ್ನು ಹೊತ್ತು ಕಪ್ಪೆ ನೀರು ಹುಡುಕುತ್ತ ಹೊರಟಿತು. ಕಾಡಿನಲ್ಲಾದರೆ ಮರ ಹತ್ತಿ, ಎಲೆಯ ಬುಡದಲ್ಲಿ ನಿಂತ ಒಂದು ಗುಟುಕು ನೀರಿನಲ್ಲಿ ಒಂದು ಮರಿಯನ್ನು ಬಿಡುತ್ತದೆ. ಎರಡನೆಯದಕ್ಕೆ ಬೇರೆ ಎಲೆ. ಮೂರನೆಯದಕ್ಕೆ ಬೇರೆ ಮರ. ಪೆಟ್ಟಿಗೆಯಲ್ಲಿ ಮರ ಎಲ್ಲಿದೆ? ಇದ್ದದ್ದು ನಡುವೆ ಒಂದು ದೊಡ್ಡ ಪಿಂಗಾಣಿ ತೊಟ್ಟಿ. ಕಪ್ಪೆ ತೊಟ್ಟಿಯ ಅಂಚಿಗೆ ಬಂತು, ನೋಡಿತು, ತಿರುಗಿ ಹೋಯಿತು. ಗಾಜು ಹತ್ತಿತು, ಜಾರಿ ಬಿತ್ತು. ಮತ್ತೆ ಹತ್ತಿತು. ಬೆನ್ನ ಮೇಲೆ ಮರಿ ಹೊತ್ತು ನಾಲ್ಕು ದಿನ ಹತ್ತಿತು, ನಾಲ್ಕು ದಿನ ಜಾರಿತು.

ವ್ಯಾಪಾರಿ ನಕ್ಕ. "ಎಂಥ ಪೆದ್ದು ಅಪ್ಪ ನೀನು! ಕಣ್ಣೆದುರು ಕೆರೆಯಂಥ ತೊಟ್ಟಿ ಇದೆ, ಎಲೆಸಂದಿಯ ಗುಟುಕಿಗೆ ಅಲೆಯುತ್ತೀಯೆ." ಹೀಗೆಂದು ಒಂದು ಕುಂಚ ತಂದು, ಬೆನ್ನ ಮೇಲಿದ್ದದ್ದನ್ನೂ ಎಲೆಯ ಮೇಲಿದ್ದವನ್ನೂ ಸವರಿ, ಎಲ್ಲವನ್ನೂ ಆ ಒಂದೇ ತೊಟ್ಟಿಗೆ ಬಿಟ್ಟ.

ಮರುದಿನ ಒಂದು ಕಡಿಮೆ ಇತ್ತು. ಅದರ ಮರುದಿನ ಎರಡು. ವಾರದಲ್ಲಿ ಒಂದೇ ಉಳಿಯಿತು. ಆ ಒಂದು ಬಲು ದಪ್ಪಗಿತ್ತು. ಎರಡನೆಯ ಸಲದ ಮೊಟ್ಟೆಯಿಂದ ಮತ್ತೆ ಆರು ಮರಿ ಬಂದವು. ಅವನ್ನೂ ಅವನು ಅಲ್ಲಿಯೇ ಬಿಟ್ಟ. ಅವೂ ಕಾಣೆಯಾದವು, ದೊಡ್ಡದು ಇನ್ನೂ ದೊಡ್ಡದಾಗಿ ಕಪ್ಪೆಯಾಯಿತು. ವ್ಯಾಪಾರಿಗೆ ಅಳಿದವುಗಳ ಯೋಚನೆ ಬರಲಿಲ್ಲ. ಉಳಿದದ್ದನ್ನು ನೋಡಿ ನೋಡಿ ಹಿಗ್ಗಿದ. ಮಳೆಗಾಲ ಮುಗಿಯುವಷ್ಟರಲ್ಲಿ ಮುದಿ ಜೋಡಿ ಸತ್ತಿತು. ಗಂಡು ಸತ್ತದ್ದು ಗಾಜಿನ ಬುಡದಲ್ಲಿ.

ಇಲ್ಲಿ ಮುರಿಗೆಪ್ಪ ಬಾಯಿ ಹಾಕಿದ. "ಕಪ್ಪೆಗೆ ವಿಷ ಇದೆ ಎಂದಿರಿ. ಗಾಜಿನವನು ಅದರ ಬೆನ್ನು ಸವರಿದ, ಕೈಗೆ ಏನೂ ಆಗಲಿಲ್ಲವೆ?"

"ಬುದ್ಧಿವಂತ ಪ್ರಶ್ನೆ. ನೀನು ಮೊದಲಿನಿಂದಲೂ ಬುದ್ಧಿವಂತನೇ" ಎಂದರು ಗುರುಗಳು. ಅವರ ದನಿ ಏರಲಿಲ್ಲ. ತೊಡೆಯ ಮೇಲಿದ್ದ ಕೈಬೆರಳು ಮಾತ್ರ ಮಡಚಿಕೊಂಡವು. "ಕುಂಚದಲ್ಲಿ ಸವರಿದ ಎಂದೆನಲ್ಲ. ಆದರೂ ವಿಷಯ ಅದೇ, ಕೇಳು. ಆ ವಿಷವನ್ನು ಕಪ್ಪೆ ತಾನಾಗಿ ಮಾಡಿಕೊಳ್ಳುವುದಿಲ್ಲ. ಕಚ್ಚುವ ಇರುವೆಯನ್ನು, ಕಹಿ ಹುಳವನ್ನು ತಿಂದು ತಿಂದು ಗಳಿಸುವುದು ಅದು. ಕಷ್ಟದ ಅನ್ನ. ಕಾಡಿನಿಂದ ತಂದ ಜೋಡಿಯಲ್ಲಿ ಸ್ವಲ್ಪ ಉಳಿದಿತ್ತೋ ಏನೋ. ತೊಟ್ಟಿಯಲ್ಲಿ ಬೆಳೆದದ್ದು ಇರುವೆಯ ಮುಖವನ್ನೇ ಕಂಡದ್ದಲ್ಲ."

"ಹಾಗಾದರೆ ಅದಕ್ಕೆ ವಿಷವೇ ಇಲ್ಲ."

"ಬಣ್ಣ ಇತ್ತು" ಎಂದು ಗುರುಗಳು ಮುಂದುವರಿಸಿದರು.

ಕಾಡು ಚಿಗುರಿತು. ಮುದುಕಿ ಬಂದಳು. ಕೊಂಡೊಯ್ಯುವುದಕ್ಕೆ ಎಲೆಯ ಕಟ್ಟನ್ನೇ ಹೊತ್ತು ತಂದಿದ್ದಳು, ಕಪ್ಪೆಗೊಂದು ಎಲೆಯಂತೆ. ವ್ಯಾಪಾರಿ ಪೆಟ್ಟಿಗೆಯ ಮೇಲಿನ ರೇಷ್ಮೆ ಬಟ್ಟೆ ಸರಿಸಿದ. "ನೋಡಮ್ಮ, ನಿಮ್ಮ ಕಾಡಿನಲ್ಲಿ ಇಂಥದು ಹುಟ್ಟಿತ್ತೆ?" ಎಂದ. ಅರಿಸಿನ ಥಳಥಳ ಹೊಳೆಯುತ್ತಿತ್ತು. ನೀಲಿ ಇನ್ನೂ ಹೊಳೆಯುತ್ತಿತ್ತು.

"ಉಳಿದವು?" ಎಂದಳು ಮುದುಕಿ.

"ಅವಕ್ಕೆ ಗಟ್ಟಿತನ ಇರಲಿಲ್ಲ. ಇದು ತಾಳಿಕೊಂಡಿತು" ಎಂದ ವ್ಯಾಪಾರಿ.

ಮುದುಕಿ ತೊಟ್ಟಿಯನ್ನು ನೋಡಿದಳು. ಒಂದೇ ತೊಟ್ಟಿ. ಅವಳಿಗೆ ಅರ್ಥವಾಯಿತು. ಎಲೆಯ ಕಟ್ಟನ್ನು ನೆಲಕ್ಕೆ ಹಾಕಿದಳು. ಪೆಟ್ಟಿಗೆಯೊಳಗೆ ಬರಿಗೈ ಹಾಕಿ ಕಪ್ಪೆಯನ್ನು ಅಂಗೈಯಲ್ಲಿ ಎತ್ತಿಕೊಂಡಳು. ವ್ಯಾಪಾರಿ ಗಾಬರಿಯಾದ. "ಅಯ್ಯೋ, ಎಲೆ ಹಿಡಿಯಮ್ಮ, ವಿಷ" ಎಂದ. ಅವಳು ಕಪ್ಪೆಯನ್ನು ಮತ್ತೆ ಪಾಚಿಯ ಮೇಲೆ ಬಿಟ್ಟು, ಅದೇ ಕೈಯಿಂದ ಕಣ್ಣು ಒರೆಸಿಕೊಂಡಳು.

"ಹಾವು ಬಂದರೆ ಇದು ಹಾವಿಗೆ ತುತ್ತು. ಜೊತೆ ಇಲ್ಲ, ಇದಕ್ಕೆ ಮರಿ ಇಲ್ಲ. ಹೊರಗಿನ ಒಂದು ಇರುವೆಗೂ ಇದರಿಂದ ನೋವಾಗಿಲ್ಲ. ಇದು ಕೊಂದದ್ದು ತನ್ನ ಒಡಹುಟ್ಟಿದವರನ್ನು ಮಾತ್ರ. ಇದನ್ನು ನೀನೇ ಇಟ್ಟುಕೋ" ಎಂದು ಬಂದ ದಾರಿಯಲ್ಲೇ ಹೋದಳು.

"ಅಷ್ಟೇ ಕತೆ" ಎಂದರು ಗುರುಗಳು.

ಹೊರಗೆ ಯಾರೋ ದನ ಹೊಡೆದುಕೊಂಡು ಹೋದರು. ಮುರಿಗೆಪ್ಪ ಆ ಕಡೆ ಒಮ್ಮೆ ನೋಡಿ ಇತ್ತ ತಿರುಗಿದ. ಅವನಿಗೆ ಕತೆ ಎಲ್ಲಿಗೆ ಬಂತು ಎಂಬುದು ಗೊತ್ತಾಗಿತ್ತು. ಬುದ್ಧಿವಂತ, ತಪ್ಪಿಸಿಕೊಳ್ಳುವ ಸಂದಿಯೂ ಗೊತ್ತಾಗಿತ್ತು.

"ತಪ್ಪು ಗಾಜಿನವನದು ಗುರುಗಳೇ. ಎಲ್ಲವನ್ನೂ ಒಂದೇ ತೊಟ್ಟಿಗೆ ಬಿಟ್ಟವನು ಅವನು. ಒಂದೊಂದಕ್ಕೂ ಒಂದೊಂದು ಎಲೆ ಕೊಟ್ಟಿದ್ದರೆ ಎಲ್ಲವೂ ಬದುಕುತ್ತಿದ್ದವು. ಗೊದಮೊಟ್ಟೆ ಏನು ಮಾಡೀತು, ಪಾಪ."

ಗುರುಗಳು ತೊಡೆಯ ಕೆಳಗಿನಿಂದ ಪಟ್ಟಿಯನ್ನು ತೆಗೆದರು. ಗಂಟು ಮೇಲೆ ಕಾಣುವಂತೆ ಅದನ್ನು ಅವನ ಎಡಗೈಯ ಹತ್ತಿರ ಇಟ್ಟರು.

"ಗಾಜಿನವನ ತಪ್ಪು ನನ್ನದೇ, ಅದನ್ನು ನಾನು ಹೊರುತ್ತೇನೆ, ಆದರೆ ತಾನು ತಿನ್ನುತ್ತಿರುವುದು ತನ್ನ ತಮ್ಮನನ್ನು ಎಂದು ಆ ಗೊದಮೊಟ್ಟೆಗೆ ಗೊತ್ತಿರಲಿಲ್ಲ."