ಡಬ್ಬಿಯೊಳಗಿನ 'ನೀವು'

ಒಂದಾನೊಂದು ಊರಿನಲ್ಲಿ, ಆ ಊರಿಗೆ ಹೋಗುವ ದಾರಿ ಇನ್ನೂ ಹುಟ್ಟಿರದಿದ್ದ ಕಾಲದಲ್ಲಿ, ಒಬ್ಬ ರಾಜನಿದ್ದ. ಹತ್ತಿರ ಬನ್ನಿ, ಸರಿಯಾಗಿ ಕೂತು ಕೇಳಿ. ಊರಿನ ಹೆಸರು ಸಾಲುಬಾಗಿಲು. ರಾಜನ ಹೆಸರು ಮುದ್ದುವೀರ. ಅವನಿಗೆ ಯುದ್ಧದ ಚಿಂತೆ ಇರಲಿಲ್ಲ, ಬೆಳೆಯ ಚಿಂತೆ ಇರಲಿಲ್ಲ. ಇದ್ದದ್ದು ಒಂದೇ ಚಿಂತೆ. ಊರಿನಲ್ಲಿರುವ 'ನೀವು'ಗಳೆಲ್ಲ ಮುಗಿದುಹೋದರೆ ಏನು ಗತಿ?

ಅವನ ಅಜ್ಜ ಸಾಯುವಾಗ ಹೇಳಿದ್ದ, "ಮಗಾ, 'ನೀನು' ಎಷ್ಟು ಬೇಕಾದರೂ ಸಿಗುತ್ತೆ. 'ನೀವು' ಮಾತ್ರ ಇಷ್ಟೇ ಇರೋದು. ನೋಡಿ ಕೊಡು."

ಅದಕ್ಕೇ ರಾಜ ಒಂದೊಂದು 'ನೀವು' ಅನ್ನೂ ತಾಮ್ರದ ಡಬ್ಬಿಯಲ್ಲಿಟ್ಟು, ಹಾರಿಹೋಗದಂತೆ ಮುಚ್ಚಳಕ್ಕೆ ಅರಗು ಹಾಕಿಸಿದ್ದ. ಡಬ್ಬಿ ಯಾರಿಗೆ ಅಂತ ತೀರ್ಮಾನಿಸಲು ಒಂದು ಗೋಧಿ ಕಾಳಿತ್ತು. ಉಗ್ರಾಣದವನು ಅದನ್ನು ಜನರ ಮುಂಗೈ ಪಕ್ಕ ಹಿಡಿಯುತ್ತಿದ್ದ. ಕೈ ಕಾಳಿಗಿಂತ ಬೆಳ್ಳಗಿದ್ದರೆ ಡಬ್ಬಿ. ಕಪ್ಪಗಿದ್ದರೆ ಇಲ್ಲ.

ಡಬ್ಬಿಯನ್ನು ಸೊಂಟಕ್ಕೆ ಕಟ್ಟಿಕೊಂಡವರು ಬಂದರೆ ಊರಿನ ಬಾಗಿಲುಗಳು, "ನೀವು ಬನ್ನಿ" ಅಂತ ತಾವಾಗಿ ತೆರೆದುಕೊಳ್ಳುತ್ತಿದ್ದವು. ಡಬ್ಬಿ ಇಲ್ಲದವರಿಗೆ, "ನೀನು ಆಚೆ ನಿಲ್ಲು" ಅನ್ನುತ್ತಿದ್ದವು. ವೈದ್ಯನ ಬಾಗಿಲೂ ಹಾಗೇ, ಶಾಲೆಯ ಬಾಗಿಲೂ ಹಾಗೇ, ನ್ಯಾಯ ಹೇಳುವ ಚಾವಡಿಯ ಬಾಗಿಲೂ ಹಾಗೇ.

ಊರಂಚಿನ ಸಿದ್ದಿ ಕೇರಿಯಲ್ಲಿ ಒಬ್ಬರಿಗೂ ಡಬ್ಬಿ ಇರಲಿಲ್ಲ. ಅವರ ಹಿರಿಯರು ಸಮುದ್ರ ದಾಟಿ ಬಂದವರು. ಕಪ್ಪು ಮೈ, ಗುಂಗುರು ಕೂದಲು. ಆ ಕೇರಿಯಲ್ಲಿ ಕತ್ರೀನಮ್ಮ ಅಂತ ಒಬ್ಬ ಸೂಲಗಿತ್ತಿ ಇದ್ದರು. ಅವರ ತಂಗಿ ಜ್ವರದಲ್ಲಿ ವೈದ್ಯನ ಬಾಗಿಲಾಚೆ ಕಾದು ಕಾದು ಅಲ್ಲೇ ಪ್ರಾಣ ಬಿಟ್ಟಿದ್ದಳು.

ಒಂದು ಮಧ್ಯಾಹ್ನ ರಾಣಿಗೆ ಹೆರಿಗೆ ನೋವು ಶುರುವಾಯಿತು. ಮಗು ಅಡ್ಡ ತಿರುಗಿತ್ತು. ಅರಮನೆಯ ಸೂಲಗಿತ್ತಿಯರು, "ಇದು ಕತ್ರೀನಮ್ಮನಿಂದ ಮಾತ್ರ ಆಗೋ ಕೆಲಸ" ಅಂತ ಕೈಚೆಲ್ಲಿದರು. ಕರೆ ಹೋದೊಡನೆ ಕತ್ರೀನಮ್ಮ ಓಡಿ ಬಂದರು. ಅರಮನೆಯ ಬಾಗಿಲು ಅವರನ್ನು ನೋಡಿ, "ನೀನು ಆಚೆ ನಿಲ್ಲು" ಅಂದಿತು.

"ನಾನು ರಾಜ ಹೇಳ್ತಿದ್ದೀನಿ, ತೆರೆದುಕೋ" ಅಂದ ಹೊರಗೆ ಓಡಿ ಬಂದ ರಾಜ.

"ಡಬ್ಬಿ ಎಲ್ಲಿ ಸ್ವಾಮಿ? ನೀವೇ ಮಾಡಿದ ಕಟ್ಟಳೆ" ಅಂದಿತು ಬಾಗಿಲು.

ಉಗ್ರಾಣದಲ್ಲಿ ಡಬ್ಬಿ ಉಳಿದಿರಲಿಲ್ಲ. ಮಂತ್ರಿಯನ್ನು ಕೇಳಿದರೆ ಅವನು ಸೊಂಟ ಹಿಡಿದುಕೊಂಡ. ಸೇನಾಪತಿಯನ್ನು ಕೇಳಿದರೆ ಅವನು ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡ. ಒಳಗೆ ರಾಣಿ ಚೀರುತ್ತಿದ್ದಳು. ಕೊನೆಗೆ ರಾಜ ತನ್ನ ಡಬ್ಬಿಯನ್ನೇ ಬಿಚ್ಚಿ ಕತ್ರೀನಮ್ಮನ ಕೈಗಿಟ್ಟ.

"ನೀವು ಬನ್ನಿ" ಅಂತ ಬಾಗಿಲು ತೆರೆಯಿತು. ಕತ್ರೀನಮ್ಮ ಒಳಗೆ ಹೋದರು. ರಾಜ ಹಿಂದೆಯೇ ಹೆಜ್ಜೆ ಇಟ್ಟ.

"ನೀನು ಆಚೆ ನಿಲ್ಲು" ಅಂದಿತು ಬಾಗಿಲು.

ರಾಜ ಆಚೆ ನಿಂತ. ಬಿಸಿಲು ಸುಡುತ್ತಿತ್ತು. ಕಾವಲುಗಾರ, "ಏ, ನೆರಳಿಗೆ ಬರಬೇಡ, ಅದು ಡಬ್ಬಿಯವರ ಜಾಗ" ಅಂದ. ರಾಜ ನೀರು ಕೇಳಿದ. "ನಿನಗೆ ಆಮೇಲೆ" ಅಂದರು. ಆಮೇಲೆ ಅಂದರೆ ಯಾವಾಗ ಅಂತ ಯಾರೂ ಹೇಳಲಿಲ್ಲ. ಒಳಗಿನಿಂದ ಬರುತ್ತಿದ್ದ ಹೆಂಡತಿಯ ದನಿ ನಿಂತುಹೋಯಿತು. ಏನಾಯಿತು ಅಂತ ಕೇಳಿದ. ಯಾರೂ ಅವನತ್ತ ತಿರುಗಲಿಲ್ಲ. ಇಷ್ಟು ವರ್ಷ ಇಷ್ಟು ಜನ ಈ ಜಾಗದಲ್ಲಿ ಹೇಗೆ ನಿಂತಿದ್ದರು ಅಂತ ಅವನಿಗೆ ತಿಳಿಯಲಿಲ್ಲ.

ಬಾಗಿಲು ತೆರೆಯಿತು. ಕತ್ರೀನಮ್ಮ ಮಗುವನ್ನೆತ್ತಿಕೊಂಡು ಹೊಸಿಲ ಮೇಲೆ ನಿಂತಿದ್ದರು.

"ನೀವು ಬನ್ನಿ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ."

ಅಲ್ಲಿದ್ದವರೆಲ್ಲ ದಂಗಾದರು. ರಾಜನ ಹತ್ತಿರ ಡಬ್ಬಿ ಇಲ್ಲ, ಆದರೂ ಅವನಿಗೆ 'ನೀವು' ಸಿಕ್ಕಿತು. ಮಂತ್ರಿ ಕತ್ರೀನಮ್ಮನ ಕೈಯಲ್ಲಿದ್ದ ಡಬ್ಬಿಯನ್ನು ತಿರುಗಿಸಿ ನೋಡಿದ. ಅರಗು ಹಾಗೇ ಇತ್ತು.

"ನೀವು ಈ 'ನೀವು' ಅನ್ನು ಎಲ್ಲಿಂದ ತಂದಿರಿ?" ಅಂತ ರಾಜ ಕೇಳಿದ. ಕೇಳಿದ ಮೇಲೆ, ತನ್ನ ಬಾಯಿಂದಲೂ ಒಂದು ಬಂತಲ್ಲ ಅಂತ ತುಟಿ ಮುಟ್ಟಿ ನೋಡಿಕೊಂಡ.

"ತರೋದೇನು ಬಂತು ಸ್ವಾಮಿ? ನಮ್ಮ ಕೇರೀಲಿ ಎಲ್ಲರ ಬಾಯಲ್ಲೂ ಇದೆ. ಹುಟ್ಟೋ ಮಗೂನೂ ಹಾಗೇ ಕರೀತೀವಿ. ನಿಮ್ಮ ಮಗಳೂ ಹಾಗೆ ಕರೆದ ಮೇಲೇ ಬಂದದ್ದು."

ರಾಜ ಡಬ್ಬಿಯ ಅರಗು ಒಡೆದ. ಒಳಗೆ ಏನೂ ಇರಲಿಲ್ಲ. ಮಂತ್ರಿಯದೂ ಖಾಲಿ. ಸೇನಾಪತಿಯದರಲ್ಲಿ ಒಂದು ಸತ್ತ ಇರುವೆ ಇತ್ತು. ಸುದ್ದಿ ಹರಡಿ ಊರಿಗೆ ಊರೇ ಬೀದಿಯಲ್ಲಿ ಕೂತು ಡಬ್ಬಿ ಒಡೆಯಿತು. ಅಷ್ಟು ಜನ, ಅಷ್ಟು ಖಾಲಿ ಡಬ್ಬಿ.

ಕತ್ರೀನಮ್ಮ ಕೇಳಿದರು, "ಡಬ್ಬಿ ಒಡೆದಿರಿ, ಸರಿ. ಬಾಗಿಲುಗಳಿಗೆ ಯಾರು ಹೇಳ್ತಾರೆ? ನನ್ನ ತಂಗಿ ಸತ್ತದ್ದು ಬಾಗಿಲಲ್ಲಿ."

ರಾಜ ತಲೆ ತಗ್ಗಿಸಿದ. ಮರುದಿನದಿಂದ ಬೀದಿ ಬೀದಿ ತಿರುಗಿ ಒಂದೊಂದು ಬಾಗಿಲಿಗೂ ತಾನೇ ಪಾಠ ಹೇಳಿದ. ಶಾಲೆಯ ಬಾಗಿಲು ಒಂದೇ ದಿನದಲ್ಲಿ ಕಲಿಯಿತು. ವೈದ್ಯನ ಬಾಗಿಲಿಗೆ ಹದಿನೇಳು ದಿನ ಬೇಕಾಯಿತು. ಚಾವಡಿಯ ಬಾಗಿಲು ಹಳೇ ತೇಗದ್ದು, ಕಿವಿ ಮಂದ. ಅದಕ್ಕೆ ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಪ್ರತಿ ಕೇರಿಯಿಂದ ಒಬ್ಬೊಬ್ಬರು ಚಾವಡಿಯ ಹೊರಗಿನ ಜಗಲಿಯ ಮೇಲೇ ಕೂತು, ಯಾವ ಬಾಗಿಲು ಯಾರನ್ನು ಆಚೆ ನಿಲ್ಲಿಸಿತು ಅಂತ ದೂರು ಕೇಳಿದರು. ಸಿದ್ದಿ ಕೇರಿಯಿಂದ ಕತ್ರೀನಮ್ಮ ಕೂತರು. ರಾಜನೂ ಅವರ ಪಕ್ಕದಲ್ಲಿ ಕೂತ.

ಚಾವಡಿಯ ಬಾಗಿಲು ಕಲಿತ ದಿನ ಸಿದ್ದಿ ಕೇರಿಯವರೆಲ್ಲ ಅದರ ಮುಂದೆ ಬಂದು ನಿಂತರು.

"ನೀವು ಬನ್ನಿ" ಅಂದಿತು ಬಾಗಿಲು.

ಯಾರೂ ಕದಲಲಿಲ್ಲ. ಹಿಂದೆ ಯಾರೋ ದೊಡ್ಡವರು ಬಂದಿರಬೇಕು ಅಂತ ತಿರುಗಿ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

"ನಿಮಗೇ ಹೇಳಿದ್ದು" ಅಂದಿತು ಬಾಗಿಲು, ಮೆಲ್ಲಗೆ.

ಕತೆ ಇಷ್ಟೇ. ಎದ್ದು ಮನೆಗೆ ಹೋಗಿ. ನಿಮ್ಮ ಮನೆ ಬಾಗಿಲು ಮಾತಾಡಿಸಿದರೆ ನಮಸ್ಕಾರ ಹೇಳಿ. ಮಾತಾಡಿಸದಿದ್ದರೆ, ಅದು ಇನ್ನೂ ಕಲೀತಾ ಇದೆ ಅಂತ ತಿಳಿಯಿರಿ.