ಫಕ್ಕೀರಪ್ಪ ಆರಿಸಿದ ಕೀಪರ್

ಹಾವೇರಿಯಲ್ಲಿ ಫಕ್ಕೀರಪ್ಪ ಅಂತ ಒಬ್ಬ ಟೇಲರ್. ಅವನಿಗೂ ಅವನ ಮೂವರು ಗೆಳೆಯರಿಗೂ ಒಂದೇ ಹುಚ್ಚು. ಊರಿನ ಕ್ರಿಕೆಟ್ ಟೂರ್ನಮೆಂಟಿಗೆ ಮುಂಚೆ ಅವರಲ್ಲೊಬ್ಬನಾದ ರಾಚಪ್ಪನ ಸಲೂನಿನಲ್ಲಿ ಕೂತು, ಎಲ್ಲ ತಂಡಗಳ ಆಟಗಾರರನ್ನೂ ಸರದಿಯಂತೆ ಆರಿಸಿ, ಕಾಗದದ ಮೇಲೆ ತಮ್ಮ ತಮ್ಮ ತಂಡ ಕಟ್ಟುವರು. ಆರಿಸಿದವನು ಮೈದಾನದಲ್ಲಿ ರನ್ ಹೊಡೆದರೆ, ಕ್ಯಾಚ್ ಹಿಡಿದರೆ, ಸ್ಟಂಪ್ ಮಾಡಿದರೆ ಇವರಿಗೆ ಅಂಕ. ಅಂಕದಲ್ಲಿ ಕೊನೆಗೆ ಬಂದವನು ಮೀಸೆ ಬೋಳಿಸಬೇಕು.

ಹೋದ ವರ್ಷ ಬೋಳಿಸಿಕೊಂಡವನು ಫಕ್ಕೀರಪ್ಪನೇ. ಪಾಪ, ಎಂಟು ತಿಂಗಳು ಸಾಕಿ ಮತ್ತೆ ಹುರಿಮೀಸೆ ಮಾಡಿಕೊಂಡಿದ್ದ. ಈ ಸಲ ಟೂರ್ನಮೆಂಟ್ ಮುಗಿದ ವಾರಕ್ಕೇ ಮಗಳ ಮದುವೆ. "ಬೀಗರ ಮುಂದ ಬೋಳ ಮಾರಿ ಹೊತ್ತು ನಿಂತ್ರ ನಾ ಮಂಟಪಕ್ಕ ಬರೂದಿಲ್ಲ ನೋಡ್ರಿ" ಅಂತ ಹೆಂಡತಿ ನೀಲವ್ವ ಖಡಾಖಂಡಿತ ಹೇಳಿಬಿಟ್ಟಿದ್ದಳು.

ಸೋತವನಿಗೆ ಮರುವರ್ಷ ಮೊದಲ ಆಯ್ಕೆ. ತಂಡಕ್ಕೊಬ್ಬ ವಿಕೆಟ್ ಕೀಪರ್ ಬೇಕೇ ಬೇಕು. ಒಳ್ಳೆಯವರು ಇದ್ದದ್ದು ಇಬ್ಬರೇ, ಚೇತನ ಮತ್ತು ನಜೀರ. ಹೋದ ವರ್ಷ ಚೇತನ ಹಿಡಿದ ಕ್ಯಾಚು ಹದಿನಾಲ್ಕು, ನಜೀರ ಹಿಡಿದದ್ದು ಒಂಬತ್ತು.

"ಇದರಾಗ ವಿಚಾರ ಮಾಡೂದೇನೈತಿ?" ಅಂದ ರಾಚಪ್ಪ.

ಫಕ್ಕೀರಪ್ಪ ಅವಸರ ಮಾಡಲಿಲ್ಲ. ಭಾನುವಾರ ಎಲ್ಲ ತಂಡದವರೂ ಕೂಡಿ ಮಾಡುವ ಪ್ರಾಕ್ಟೀಸ್ ನೋಡಲು ಹೋದ. ಮೊದಲು ಚೇತನ ಕೀಪಿಂಗ್ ಮಾಡಿದ. ಆಹಾ, ಏನು ಹಾರಾಟ! ಜನ ಸಿಳ್ಳೆ ಹೊಡೆದರು. ಆಮೇಲೆ ನಜೀರ ಬಂದ. ಕೂತ, ಎದ್ದ, ಚೆಂಡು ಹಿಡಿದ, ಅಷ್ಟೇ. ನೋಡಲು ಏನೂ ಇರಲಿಲ್ಲ. ಫಕ್ಕೀರಪ್ಪ ಆಕಳಿಸುತ್ತ ಬೌಲರ್ ಕಡೆ ತಿರುಗಿದ.

ಬೌಲಿಂಗ್ ಮಾಡುತ್ತಿದ್ದವನು ನಜೀರನ ತಂಡದ ಸ್ಪಿನ್ನರ್ ಈರಣ್ಣ. ಚೇತನ ಹಿಂದಿದ್ದಾಗ ಚೆಂಡನ್ನು ನೆಟ್ಟಗೆ, ಜೋರಾಗಿ ಎಸೆಯುತ್ತಿದ್ದವನು ಈಗ ಮೇಲಕ್ಕೆ ತೂರಿ, ಗಿರಗಿರ ತಿರುಗಿಸುತ್ತಿದ್ದ.

"ಯಾಕಪಾ ಈರಣ್ಣ, ಆಗೊಂದು ಥರಾ, ಈಗೊಂದು ಥರಾ?" ಅಂತ ಕೇಳಿದ.

"ಚೇತನ ಹಿಂದ ಇದ್ರ ಅಂಜಿಕಿ ಕಾಕಾ. ಭಾಳ ತಿರುಗಿದ ಚೆಂಡು ಅವಂಗ ಸಿಗೂದಿಲ್ಲ, ಬೌಂಡ್ರಿಗೆ ಹೋಗತೈತಿ. ನಜೀರ ಇದ್ರ ಆ ಚಿಂತಿನ ಇಲ್ಲ."

ಆಯ್ಕೆಯ ದಿನ ಫಕ್ಕೀರಪ್ಪ ಮೊದಲು ಹೇಳಿದ ಹೆಸರೇ ನಜೀರ. ರಾಚಪ್ಪ ಬಿದ್ದು ಬಿದ್ದು ನಕ್ಕು, ತನ್ನ ಸರದಿ ಬಂದ ತಕ್ಷಣ ಚೇತನನನ್ನು ಬಾಚಿಕೊಂಡ. "ಈ ಸಲಾನೂ ನಿನಗ ಕತ್ತಿ ಮಸದು ಇಡ್ತೀನಿ ತಗೋ" ಅಂದ.

"ಅಂಗಿ ಚಲೋ ಹೊಲದಾರೋ ಇಲ್ಲೋ ಅಂಗಿ ನೋಡಿದ್ರ ತಿಳಿಯೂದಿಲ್ಲ ರಾಚಪ್ಪ. ತೊಟ್ಟಾವ ಕೈ ಎತ್ತಿದಾಗ ತಿಳೀತೈತಿ" ಅಂದ ಫಕ್ಕೀರಪ್ಪ.

ಮೊದಲೆರಡು ಪಂದ್ಯದಲ್ಲಿ ನಜೀರನಿಗೆ ಒಂದು ಕ್ಯಾಚೂ ಸಿಗಲಿಲ್ಲ. ನೀಲವ್ವ ಮಾತು ಬಿಟ್ಟಳು. ಫಕ್ಕೀರಪ್ಪ ಮಾತ್ರ ಬಟ್ಟೆ ಕತ್ತರಿಸುತ್ತ ನಿರಾಳವಾಗಿದ್ದ. ಮೂರನೆಯ ಪಂದ್ಯಕ್ಕೆ ಪಿಚ್ ಒಣಗಿ ಬಿರಿಯಿತು, ಈರಣ್ಣನ ಚೆಂಡು ಬುಗುರಿಯಾಯಿತು. ಬ್ಯಾಟ್ಸ್‌ಮನ್‌ಗಳು ಆಸೆಪಟ್ಟು ಮುಂದೆ ಬರುವುದು, ಹಿಂದೆ ನಜೀರ ಬೇಲ್ಸ್ ಹಾರಿಸುವುದು! ಟೂರ್ನಮೆಂಟ್ ಮುಗಿಯುವ ಹೊತ್ತಿಗೆ ಹನ್ನೊಂದು ಸ್ಟಂಪಿಂಗ್, ಎಂಟು ಕ್ಯಾಚು. ಚೇತನ ಕೊನೆಯವರೆಗೂ ಚೆನ್ನಾಗಿ ಹಾರಿದ, ಆದರೆ ಸಿಕ್ಕದ್ದು ಆರೇ ಕ್ಯಾಚು.

ಕೊನೆಗೆ ಬಂದವನು ರಾಚಪ್ಪ. ಊರಿನ ಮೀಸೆಗಳನ್ನೆಲ್ಲ ತಿದ್ದಿದವನು ಅವತ್ತು ತನ್ನದೇ ಕುರ್ಚಿಯಲ್ಲಿ ಕೂತು, ತನ್ನದೇ ಕನ್ನಡಿ ನೋಡಿಕೊಂಡು, ತನ್ನ ಮೀಸೆಯನ್ನು ತಾನೇ ಬೋಳಿಸಿಕೊಂಡ.

ನೀತಿ: ಒಬ್ಬನ ಯೋಗ್ಯತೆ ಅಳೆಯಲು ಅವನೊಬ್ಬನನ್ನೇ ನೋಡಿದರೆ ಸಾಲದು. ಅವನು ಬೆನ್ನಿಗಿದ್ದಾಗ ಉಳಿದವರಿಗೆ ಎಷ್ಟು ಧೈರ್ಯ ಬರುತ್ತದೆ ಎಂಬುದನ್ನು ನೋಡಬೇಕು.