ಬೇಲಿಸುಟ್ಟ ದಿಣ್ಣೆ

ಊರಿನ ಮೂಡಲಿಗೆ, ಹಳ್ಳ ದಾಟಿದೊಡನೆ ಸಿಗುವ ಎರೆನೆಲದ ದಿಬ್ಬಕ್ಕೆ ಬೇಲಿಸುಟ್ಟ ದಿಣ್ಣೆ ಎಂದು ಹೆಸರು. ಸುತ್ತಲಿನ ಹೊಲಗಳಿಗೆಲ್ಲ ಜಾಲಿಮುಳ್ಳಿನ ಬೇಲಿಯಿದೆ. ಇದಕ್ಕೆ ಮಾತ್ರ ಇಲ್ಲ. ಹಿಂದೆ ಒಮ್ಮೆ ಇದು ಸಂಕವ್ವ ಎಂಬ ವಿಧವೆಯ ಜೋಳದ ಹೊಲವಾಗಿತ್ತು ಎನ್ನುತ್ತಾರೆ. ಆಗ ಇದಕ್ಕೂ ಬೇಲಿಯಿತ್ತು. ಒಂದು ವರ್ಷ ಬಿತ್ತನೆಗೆ ಬಿದ್ದ ಮಳೆಯೇ ಕೊನೆ. ಆಮೇಲೆ ಬಿಸಿಲೇರಿ, ನೆಲ ಕೈ ಇಳಿಯುವಷ್ಟು ಬಿರಿಯಿತು. ಮೊಣಕಾಲೆತ್ತರದ ಜೋಳ ಬೆಳೆಯದೆ ನಿಂತು, ಹೊತ್ತೇರಿದಂತೆ ಎಲೆಗಳನ್ನು ಸುರುಳಿ ಸುತ್ತಿಕೊಳ್ಳುತ್ತಿತ್ತು. ಮೊದಮೊದಲು ರಾತ್ರಿಯ ತಂಪಿಗೆ ಬಿಚ್ಚಿಕೊಳ್ಳುತ್ತಿದ್ದ ಎಲೆಗಳು ಬರಬರುತ್ತ ಬೆಳಗಾದರೂ ಬಿಚ್ಚದಾದವು. ಅದನ್ನು ನೋಡಿದಾಗಲೇ ಸಂಕವ್ವನ ಎದೆಯೊಳಗೆ ಅಂಜಿಕೆ ಹೊಕ್ಕಿತ್ತು.

ಮೇವು ಮುಗಿದಿದ್ದರಿಂದ, ಒಣಗುವ ಪೈರನ್ನು ದನಗಳಾದರೂ ಮೇಯಲಿ ಎಂದು ಊರು ನಿಶ್ಚಯಿಸಿತು. ಸಂಕವ್ವನೂ ಒಪ್ಪಿದ್ದಳು. ಮಂದೆ ಬಿಡುವ ದಿನ ಮುಂಜಾನೆ ಅವಳ ಆಕಳೇ ಹಗ್ಗ ಹರಿದುಕೊಂಡು ಹೋಗಿ ನಾಲ್ಕು ಬಾಯಿ ಜೋಳ ತಿಂದಿತು. ಅವಳು ಓಡಿ ಬರುವಷ್ಟರಲ್ಲಿ ಬಾಯಲ್ಲಿ ನೊರೆ ಬಂದು, ಉಸಿರಿಗೆ ಒದ್ದಾಡಿ, ಕಾಲು ಬಡಿದು ಕಣ್ಣೆದುರೇ ಸತ್ತಿತು. ನೀರಿಲ್ಲದೆ ಬೆಂದ ಪೈರಿಗೆ ನಂಜೇರಿದೆ ಎಂದು ಅವಳಿಗೆ ಆಗ ತಿಳಿಯಿತು. ತಲೆಯೆತ್ತಿದರೆ ಹಳ್ಳದ ಆಚೆ ಧೂಳು. ಹಸಿರು ಕಂಡ ದನಗಳು ಓಡುತ್ತಲೇ ಬರುತ್ತಿದ್ದವು. “ದನ ತಿರುಗಸ್ರಿ, ಜ್ವಾಳಾ ನಂಜಾಗೈತಿ” ಎಂದು ಕೂಗಲು ಹೋದಳು. ಬಾಯಿ ಒಣಗಿ ದನಿ ಹೊರಡಲಿಲ್ಲ. ಹೊಲದೊಳಗಿನ ಗುಡಿಸಲಿಗೆ ಓಡಿ, ಒಲೆಯ ಕೊಳ್ಳಿ ಹಿರಿದು ತಂದು ಬೇಲಿಗಿಟ್ಟಳು. ಕಾದಿದ್ದ ಮುಳ್ಳು ಭಗ್ಗನೆ ಹೊತ್ತಿ, ಬೆಂಕಿ ಗಾಳಿಯೊಡನೆ ದಿಣ್ಣೆಯನ್ನು ಸುತ್ತಿತು. ತಾನು ಒಳಗೇ ಉಳಿದೆನೆಂಬುದು ಅವಳಿಗೆ ಆಮೇಲೆ ಹೊಳೆಯಿತು. ಸೆರಗಿನಿಂದ ಮುಖ ಮುಚ್ಚಿ ಪೈರಿನ ನಡುವೆ ಬೋರಲು ಬಿದ್ದಳು. ಗೊರಸಿನ ಸದ್ದು ಹತ್ತಿರ ಬಂದು, ತಡವರಿಸಿ, ದೂರವಾಯಿತು.

ಉರಿ ತಗ್ಗಿದ ಮೇಲೆ ಊರ ಗೌಡ ಬಾಳನಗೌಡ ಬೂದಿ ತುಳಿದುಕೊಂಡು ಒಳಗೆ ಬಂದ. “ದನದ ಬಾಯಾಗಿನ ತುತ್ತು ಕಸಗೊಂಡೆಲ್ಲವ್ವಾ” ಎಂದ. ಸಂಕವ್ವ ಸತ್ತ ಆಕಳಿನ ಕಡೆ ಕೈ ತೋರಿಸಿದಳು. ಅದರ ಹಲ್ಲಿನಲ್ಲಿ ಜೋಳದ ಎಲೆ ಇನ್ನೂ ಸಿಕ್ಕಿಕೊಂಡಿತ್ತು. ಆಕಳ ಮೈಗೆ ಬೆಂಕಿ ತಾಗಿರಲಿಲ್ಲ. ಗೌಡ ಬಗ್ಗಿ ಆ ಎಲೆಯನ್ನು ಹಿರಿದು ನೋಡಿದ. “ಎಲ್ಲಾರ ಹೊಲದಾಗೂ ಇದ ಜ್ವಾಳಾನ ಐತಲ್ಲವ್ವಾ” ಎಂದ. ಅಂದೇ ಮಂದೆಯನ್ನು ದೂರದ ಗುಡ್ಡಕ್ಕೆ ಹೊಡೆದರು. ಸೊಪ್ಪು ತಿಂದು ದನಗಳು ಬದುಕಿದವು. ಸಂಕವ್ವನೂ ಬದುಕಿದಳು. ಆದರೆ ಸಾಯುವತನಕ ಗೊರಸಿನ ಸದ್ದು ಕೇಳಿದರೆ ಎದ್ದು ಹೊರಗೆ ಓಡುತ್ತಿದ್ದಳಂತೆ.

ಮಳೆ ತಪ್ಪಿದ ವರ್ಷ ಈ ಕಡೆ ಬಂದವರು ಈಗಲೂ ಒಂದು ನೋಟ ಕಾಣುತ್ತಾರೆ. ದಿಣ್ಣೆಯ ಜೋಳ ಎಲೆ ಸುತ್ತಿಕೊಂಡಿತೆಂದರೆ ದನ ಕಾಯುವವರು ಅಲ್ಲಿ ನಿಲ್ಲುತ್ತಾರೆ. ಪ್ರತಿಯೊಂದು ದನದ ಬಾಯಿಗೂ ಮೇಯದಂತೆ ಕುಕ್ಕೆ ಕಟ್ಟಿ, ಹಗ್ಗ ಕೈಗೆ ಸುತ್ತಿಕೊಂಡು, ಬೇಗಬೇಗ ದಾಟಿಸುತ್ತಾರೆ.